ತೊಗರಿ ಒಣಗಿದ್ದಕ್ಕೆಲ್ಲಾ ನೆಟೆ ರೋಗ ಅಂತ ಬರೆದುಕೊಳ್ಳಬೇಡಿ: ಕೃಷಿ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯ ಕೃಷಿ ಇಲಾಖೆಯ ಸಾಹೇಬರಿಗೆ, ಹಾಗೇ ಹೋಬಳಿಯಿಂದ ಬೆಂಗಳೂರಿನ ತನಕ ತೊಗರಿ ಇಳುವರಿಯ ಲೆಕ್ಕ ಬರೆದುಕೊಳ್ಳುವ ಎಲ್ಲರಿಗೂ ನಮಸ್ಕಾರ.

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಒಂದು ಸುದ್ದಿ ಬಂದೇ ಬರುತ್ತದೆ, ಈ ಸಲ ಇಳುವರಿ ಕುಸಿದಿದೆ ಅಂತ. ಯಾಕೆ ಅಂತ ಕೇಳಿದರೆ ಎರಡು ಉತ್ತರ ತಯಾರಾಗಿಯೇ ಇರುತ್ತವೆ. ಒಂದು, ಮಳೆ ಕಡಿಮೆ ಆಯ್ತು, ಇಲ್ಲಾ ಜಾಸ್ತಿ ಆಯ್ತು. ಇನ್ನೊಂದು, ರೈತರು ಹೇಳಿದ ಬೀಜ ಬಿತ್ತಲಿಲ್ಲ, ಹೇಳಿದ ಗೊಬ್ಬರ ಹಾಕಲಿಲ್ಲ. ಮೊದಲನೇದಕ್ಕೆ ಮಳೆರಾಯ ಹೊಣೆ, ಎರಡನೇದಕ್ಕೆ ನಾವು. ನಡುವೆ ಇರುವವರ ಹೆಸರು ಎಲ್ಲೂ ಬರುವುದಿಲ್ಲ.

ನಾನು ಕಲಬುರಗಿ ಜಿಲ್ಲೆಯಲ್ಲಿ ಮಳೆ ನಂಬಿ ತೊಗರಿ ಬೆಳೆಯುವವನು. ನಮ್ಮ ಜಿಲ್ಲೆಗೆ ತೊಗರಿ ಕಣಜ ಅನ್ನುತ್ತೀರಿ, 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು ಕೂಡ ಸಿಕ್ಕಿತು, ಸಂತೋಷ. ಆದರೆ ಹೊಲದಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಲ್ ಬಂದರೆ ಒಳ್ಳೆ ವರ್ಷ ಅಂದುಕೊಳ್ಳುವ ಸ್ಥಿತಿ ಇದೆ. ಇದೇ ಮಣ್ಣಿನಲ್ಲಿ, ಇದೇ ಮಳೆಯಲ್ಲಿ ಸಂಶೋಧನಾ ಕೇಂದ್ರದ ಪ್ಲಾಟಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಬೀಜ ಅದೇ, ಗೊಬ್ಬರ ಅದೇ. ಹಾಗಾದರೆ ಅಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು?

ನನ್ನ ಮಾತು ಇಷ್ಟೇ ಸಾಹೇಬರೇ. ಇಳುವರಿ ತೀರ್ಮಾನ ಆಗುವುದು ಹೊಲದಲ್ಲಿ, ಹೊಲದ ಒಂದೊಂದು ಮೂಲೆಯಲ್ಲಿ. ನಿಮ್ಮ ಸಲಹೆ ಬರುವುದು ಜಿಲ್ಲೆಗೆ ಒಂದು. ಅದು ನಮಗೆ ತಾಕುವುದೇ ಇಲ್ಲ.

ಮೊದಲು ಮಣ್ಣಿನ ಆಳದ ವಿಷಯ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಒಂದೇ ಸರ್ವೆ ನಂಬರಿನಲ್ಲಿ ಮೇಲಿನ ಮಗ್ಗುಲು ಮಡ್ಡಿ ಇರುತ್ತದೆ, ಒಂದು ಅಡಿ ಅಗೆದರೆ ಗರಸು ಸಿಗುತ್ತದೆ. ಕೆಳಗೆ ಹಳ್ಳದ ಕಡೆ ಬಂದರೆ ನಾಲ್ಕೈದು ಅಡಿ ಎರೆ, ಅಂದರೆ ಕಪ್ಪು ಮಣ್ಣು. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ತೊಗರಿ ಬದುಕುವುದು ನೆಲದೊಳಗೆ ಉಳಿದ ತೇವದ ಮೇಲೆ ಮಾತ್ರ. ಅದರ ತಾಯಿಬೇರು ಆಳಕ್ಕೆ ಹೋಗುತ್ತದೆ ಅಂತ ನಿಮ್ಮ ಕೈಪಿಡಿಯಲ್ಲೇ ಇದೆ. ಆಳವೇ ಇಲ್ಲದ ಕಡೆ ಅದು ಎಲ್ಲಿಗೆ ಹೋಗಬೇಕು? ಮಡ್ಡಿಯಲ್ಲಿ ಕಾಯಿ ತುಂಬುವ ಹೊತ್ತಿಗೆ ಗಿಡ ಸೊರಗುತ್ತದೆ, ಕಾಳು ಜೊಳ್ಳಾಗುತ್ತದೆ. ಅಲ್ಲಿ ಬೇಗ ಬರುವ ತಳಿ ಬೇಕು, ಕೆಳಗಿನ ಎರೆಯಲ್ಲಿ ತಡವಾಗಿ ಬರುವ ತಳಿ ಹಾಕಿದರೂ ನಡೆಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಚೀಲ ಕೊಡುವಾಗ "ನಿಮ್ಮ ಹೊಲ ಎಷ್ಟು ಆಳ ಇದೆ" ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ. ಆಧಾರ್ ಕೇಳುತ್ತಾರೆ, ಪಹಣಿ ಕೇಳುತ್ತಾರೆ. ಮಣ್ಣನ್ನು ಮಾತ್ರ ಕೇಳುವುದಿಲ್ಲ.

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲಾ ಅನ್ನುತ್ತೀರಿ. 2015ರಲ್ಲಿ ಆ ಯೋಜನೆ ಬಂದಾಗ ನಾವೂ ಖುಷಿಪಟ್ಟಿದ್ದೆವು. ಹನ್ನೆರಡು ಅಂಶ ನೋಡುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಒಳ್ಳೆಯದೇ. ಆದರೆ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ ಅಂತ ನಿಯಮ ಮಾಡಿದರು. 10 ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ನಮ್ಮ ಕಡೆ 25 ಎಕರೆಯಲ್ಲಿ ಆರೇಳು ಮನೆಯವರ ಹೊಲ ಇರುತ್ತವೆ, ಮಡ್ಡಿ ಇರುತ್ತದೆ, ಎರೆ ಇರುತ್ತದೆ, ಸವಳು ಬಂದ ತುಂಡೂ ಇರುತ್ತದೆ. ಎಲ್ಲರ ಕೈಗೂ ಬಂದದ್ದು ಅದೇ ಅಂಕಿಯ ಕಾರ್ಡು. ಅದರಲ್ಲಿ ಆಳದ ಕಾಲಂ ಇಲ್ಲ. ಮಳೆ ಬಂದ ಮೇಲೆ ನೀರು ಎಷ್ಟು ದಿನ ನಿಲ್ಲುತ್ತದೆ ಅನ್ನುವ ಕಾಲಂ ಕೂಡ ಇಲ್ಲ. ತೊಗರಿಗೆ ಮುಖ್ಯವಾದ ಎರಡೂ ಬಿಟ್ಟುಹೋಗಿವೆ.

ಸುಮ್ನೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಇಲಾಖೆ ಒಳ್ಳೆ ಕೆಲಸ ಮಾಡಿದ್ದೂ ಗೊತ್ತು. 2009ರಲ್ಲಿ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿದಿರಿ. ಮಣ್ಣು ಪರೀಕ್ಷೆ ಮಾಡಿ, ನಮ್ಮ ಖುಷ್ಕಿ ಹೊಲಗಳಲ್ಲಿ ಸತು, ಬೋರಾನ್, ಗಂಧಕ ಕೊರತೆ ಇದೆ ಅಂತ ತೋರಿಸಿ, ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಕೊಟ್ಟಿರಿ. ಹಾಕಿದವರ ಹೊಲದಲ್ಲಿ ಫಲ ಕಂಡಿತು. ಆಮೇಲೆ ಆ ಉತ್ಸಾಹ ಎಲ್ಲಿ ಹೋಯಿತು? ಈಗ ಮತ್ತೆ ಜೂನ್ ಬಂದರೆ ಡಿಎಪಿ ಗೊಬ್ಬರಕ್ಕೆ ಸಾಲು, ಯೂರಿಯಾಕ್ಕೆ ಸಾಲು. ನಮ್ಮ ಎರೆಯಲ್ಲಿ ಸುಣ್ಣದಂಶ ಜಾಸ್ತಿ, ರಸಸಾರ 8ರ ಮೇಲೆ. ಇಂಥ ಮಣ್ಣಿನಲ್ಲಿ ಹಾಕಿದ ರಂಜಕ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ, ಸತುವೂ ಕಬ್ಬಿಣವೂ ಬೇರಿಗೆ ಸಿಗದೆ ಅಲ್ಲೇ ಕೂರುತ್ತವೆ. ಡಿಎಪಿಯಲ್ಲಿ ಗಂಧಕ ಇಲ್ಲ, ಸೂಪರ್ ಫಾಸ್ಫೇಟಿನಲ್ಲಿ ಶೇ. 11ರಷ್ಟು ಇದೆ. ತೊಗರಿ ತನ್ನ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಮಾಡಿಕೊಳ್ಳುವ ಬೆಳೆ, ಹೆಕ್ಟೇರಿಗೆ 25 ಕಿಲೋ ಸಾರಜನಕ ಸಾಕು ಅಂತ ವಿಶ್ವವಿದ್ಯಾಲಯವೇ ಹೇಳುತ್ತದೆ. ಆದರೂ 45 ಕಿಲೋ ಯೂರಿಯಾ ಚೀಲ 266 ರೂಪಾಯಿಗೆ ಸಿಗುತ್ತಿರುವಾಗ ಯಾರು ಬಿಡುತ್ತಾರೆ ಹೇಳಿ. ಬೆಲೆ ಇಳಿಸಿ ಇಟ್ಟಿದ್ದು ಸರ್ಕಾರ, ಜಾಸ್ತಿ ಹಾಕಿದರು ಅಂತ ಬೈಸಿಕೊಳ್ಳುವುದು ನಾವು.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ನೆಟೆ ರೋಗ, ಅಂದರೆ ಗಿಡ ನಿಂತಲ್ಲೇ ಬಾಡಿ ಸಾಯುವ ರೋಗ.

2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ ನಿಂತಲ್ಲೇ ಒಣಗಿತು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ. ಆಗ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಣೆ ಆಯಿತು, ಅದು ಬೇಕಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ವರ್ಷ ಒಣಗಿದ್ದೆಲ್ಲಾ ಒಂದೇ ರೋಗವೇ? ಹೊಲಕ್ಕೆ ಇಳಿದು ಗಿಡ ಕಿತ್ತು ಕಾಂಡ ಸೀಳಿ ನೋಡಿದವರಿಗೆ ಗೊತ್ತು, ಮೂರ್ನಾಲ್ಕು ಬಗೆಯ ಸಾವು ಇತ್ತು.

ನಿಜವಾದ ನೆಟೆ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುತ್ತದೆ. ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳ ಕಟ್ಟಿಹಾಕುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಒಣಬೇರು ಕೊಳೆ ಬೇರೆ, ಅದು ಮಳೆ ನಿಂತು ನೆಲ ಕಾದ ಮೇಲೆ, ತೇವ ಸಾಲದೆ ಗಿಡ ಸೋತಾಗ ಬರುತ್ತದೆ, ಬೇರಿನ ತೊಗಟೆ ಸುಲಿದು ಬರುತ್ತದೆ, ಬೇರು ಪಟ್ ಅಂತ ಮುರಿಯುತ್ತದೆ. ಇನ್ನೊಂದು ಇದೆ, ರೋಗವೇ ಅಲ್ಲ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ನೀರು ನಿಂತು ಬೇರಿಗೆ ಗಾಳಿ ಸಿಗದೆ ಉಸಿರು ಕಟ್ಟಿದ ಗಿಡ. ಬೇರಿನ ಗಂಟುಗಳು ಮೊದಲು ಸಾಯುತ್ತವೆ, ಎಲೆ ಹಳದಿಯಾಗುತ್ತದೆ, ಸ್ವಲ್ಪ ದಿನ ಚೇತರಿಸಿಕೊಂಡ ಹಾಗೆ ಕಾಣುತ್ತದೆ, ಆಮೇಲೆ ಒಂದು ವಾರದ ಬಿಸಿಲಿಗೆ ಕುಸಿಯುತ್ತದೆ. ಬೇರು ಸತ್ತ ಗಿಡ ಬಿಸಿಲು ತಡೆಯುವುದು ಹೇಗೆ?

ಇದಕ್ಕೆಲ್ಲಾ ನಿಮ್ಮ ಕಡೆಯಿಂದ ಬಂದ ಸಲಹೆ ಒಂದೇ, ನಿರೋಧಕ ತಳಿ ಬಿತ್ತಿ, ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ. ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ. ಟಿಎಸ್-3ಆರ್, ಜಿಆರ್‌ಜಿ-811 ಒಳ್ಳೆ ತಳಿಗಳು, ನೆಟೆಯನ್ನು ತಡೆದುಕೊಳ್ಳುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಟೆ ತಡೆಯುತ್ತದೆ ಅಂದ ಮಾತ್ರಕ್ಕೆ ತಳಿ ನಿಂತ ನೀರನ್ನೂ ತಡೆಯುತ್ತದೆ ಅಂತಲ್ಲ. ನಿರೋಧಕ ತಳಿ ಹಾಕಿದ ಹೊಲದಲ್ಲೂ ಗಿಡ ಒಣಗಿದಾಗ ರೈತನಿಗೆ ಬೀಜದ ಮೇಲೆ ನಂಬಿಕೆ ಹೋಗುತ್ತದೆ, ಮುಂದಿನ ವರ್ಷ ಅಂಗಡಿಯವ ಹೇಳಿದ ಯಾವುದೋ ಹೆಸರಿಲ್ಲದ ಬೀಜ ತರುತ್ತಾನೆ. ಆಮೇಲೆ ನೀವೇ ಹೇಳುತ್ತೀರಿ, ರೈತರು ಸುಧಾರಿತ ತಳಿ ಬಳಸಲಿಲ್ಲ ಅಂತ.

ನೀರು ಹೊರಗೆ ಹೋಗಬೇಕು, ಅಷ್ಟೇ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆಯನ್ನೆಲ್ಲಾ ಕುಡಿಯುತ್ತದೆ, ಒಮ್ಮೆ ಉಬ್ಬಿ ಬಿರುಕು ಮುಚ್ಚಿತು ಅಂದರೆ ಮೇಲಿನ ನೀರು ಕೆಳಗೆ ಇಳಿಯುವುದೇ ಇಲ್ಲ. ಇಂಥ ಮಣ್ಣಿಗೆ ಅಂತಲೇ ಅಗಲ ಮಡಿ ಮತ್ತು ಕಾಲುವೆಯ ಪದ್ಧತಿಯನ್ನು ಹೈದರಾಬಾದ್ ಪಕ್ಕದ ಪಟಂಚೇರುವಿನಲ್ಲಿ, ಇಕ್ರಿಸ್ಯಾಟಿನವರು ದಶಕಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ನಮ್ಮಿಂದ ಒಂದು ಹಗಲಿನ ದಾರಿಯೂ ಅಲ್ಲ. ಮಡಿಯ ಮೇಲೆ ಬೆಳೆ, ಪಕ್ಕದಲ್ಲಿ ಕಾಲುವೆ. ಮಳೆ ಜಾಸ್ತಿ ಆದರೆ ನೀರು ಹೊರಗೆ, ಕಡಿಮೆ ಆದರೆ ಅಲ್ಲೇ ಇಂಗುತ್ತದೆ. ನಮ್ಮ ಎಷ್ಟು ಹಳ್ಳಿಗಳಲ್ಲಿ ಇದು ಕಾಣುತ್ತದೆ ಹೇಳಿ?

ಮಡಿ ಮಾಡಿದರೂ ಕಾಲುವೆ ನೀರು ಎಲ್ಲಿಗೆ ಹೋಗಬೇಕು ಅನ್ನುವುದು ಮುಂದಿನ ಜಗಳ. ನನ್ನ ಹೊಲದ ನೀರು ಕೆಳಗಿನವನ ಹೊಲಕ್ಕೆ ನುಗ್ಗುತ್ತದೆ, ಅವನು ಒಡ್ಡು ಏರಿಸುತ್ತಾನೆ, ನೀರು ನನ್ನಲ್ಲೇ ನಿಲ್ಲುತ್ತದೆ. ಇದು ಒಬ್ಬ ರೈತ ಬಗೆಹರಿಸುವ ವಿಷಯವೇ ಅಲ್ಲ. ಹಳ್ಳದ ತನಕ ನಾಲೆ ತೆಗೆಯಬೇಕು, ಊರಿನವರೆಲ್ಲಾ ಒಪ್ಪಬೇಕು. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೋಡಲು ದುಡ್ಡು ಕೊಟ್ಟಿರಿ, ಹೂವಿನ ಹೊತ್ತಿನಲ್ಲಿ ಒಂದು ನೀರು ಕೊಡಲು ಆ ಹೊಂಡ ಕೆಲಸಕ್ಕೆ ಬರುತ್ತದೆ. ಹಾಗೇ ನೀರು ಬಸಿಯುವ ನಾಲೆಗೂ ಯೋಜನೆ ಮಾಡಿ. 2025ರ ಆಗಸ್ಟ್ ಸೆಪ್ಟೆಂಬರ್ ಮಳೆಯಲ್ಲಿ, ಭೀಮಾ ಉಕ್ಕಿ ಬಂದ ಊರುಗಳ ಕಥೆ ಬಿಡಿ, ನದಿಯಿಂದ ದೂರ ಇದ್ದ ಹೊಲಗಳಲ್ಲೂ ತೊಗರಿ ನೀರಲ್ಲಿ ನಿಂತಿತ್ತು. ಅದನ್ನು ಪ್ರವಾಹ ಅಂತ ಬರೆದರೆ ಒಂದು ವರ್ಷದ ಪರಿಹಾರದಲ್ಲಿ ಮುಗಿಯುತ್ತದೆ.

ಬಿತ್ತನೆ ದಿನದ ಬಗ್ಗೆಯೂ ಹೇಳಲೇಬೇಕು. ತೊಗರಿಯ ಒಂದು ಸ್ವಭಾವ ಇದೆ, ಹಗಲು ಕಿರಿದಾಗುತ್ತಾ ಬಂದ ಹಾಗೆ ಅದು ಹೂವಿಗೆ ತಿರುಗುತ್ತದೆ. ಜೂನ್‌ನ ಮೃಗಶಿರಾ ಮಳೆಗೆ ಬಿತ್ತಿದ ಗಿಡವೂ, ಜುಲೈ ಕೊನೆಯ ಪುಷ್ಯ ಮಳೆಗೆ ಬಿತ್ತಿದ ಗಿಡವೂ ಹೂ ಬಿಡುವುದರಲ್ಲಿ ಅಷ್ಟೇನೂ ಅಂತರ ಇರುವುದಿಲ್ಲ. ಆದರೆ ಮೊದಲನೆಯದಕ್ಕೆ ಕವಲು ಒಡೆಯಲು ಒಂದು ತಿಂಗಳಿಗೂ ಜಾಸ್ತಿ ಸಮಯ ಸಿಕ್ಕಿರುತ್ತದೆ. ಎರಡನೆಯದು ಮೊಣಕಾಲು ಎತ್ತರದಲ್ಲಿದ್ದಾಗಲೇ ಹೂವಿನ ಕರೆ ಬಂದುಬಿಡುತ್ತದೆ. ತಡವಾಯಿತು ಅಂದರೆ ಸಾಲು ಹತ್ತಿರ ಮಾಡಿ ಗಿಡದ ಸಂಖ್ಯೆ ಜಾಸ್ತಿ ಮಾಡಬೇಕು, ಬೇಗ ಬಿತ್ತಿದರೆ ಸಾಲು ಅಗಲ ಬಿಡಬೇಕು. ನಿಮ್ಮ ಕರಪತ್ರದಲ್ಲಿ ಅಂತರ ಒಂದೇ, 90 ಸೆಂಟಿಮೀಟರ್ 30 ಸೆಂಟಿಮೀಟರ್. ಜೂನ್‌ಗೂ ಅದೇ, ಆಗಸ್ಟ್‌ಗೂ ಅದೇ.

ಬೀದರ್ ಕಡೆಯವರು ಈ ಗಡಿಯಾರವನ್ನು ಚೆನ್ನಾಗಿ ಸೋಲಿಸಿದ್ದಾರೆ. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರ ತೊಗರಿ ನಾಟಿ ಪದ್ಧತಿಯನ್ನು ಹಳ್ಳಿಗಳಿಗೆ ಒಯ್ದಿತು. ಬೇಸಿಗೆ ಕೊನೆಯಲ್ಲೇ ಪಾಲಿಥಿನ್ ಚೀಲದಲ್ಲಿ ಸಸಿ ಮಾಡಿ, ಮಳೆ ಬಿದ್ದ ಮೇಲೆ ಹೊಲಕ್ಕೆ ನೆಡುವುದು. ಮಳೆ ತಡವಾದರೂ ಗಿಡದ ವಯಸ್ಸು ತಡವಾಗುವುದಿಲ್ಲ. ಕೂಲಿ ಬೇಕು, ಸಸಿಗೆ ಸ್ವಲ್ಪ ನೀರು ಬೇಕು, ಹಾಗಾಗಿ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಬೇಗ ಬಿತ್ತುವುದಕ್ಕೆ ಅಷ್ಟು ಬೆಲೆ ಇದೆ ಅಂತ ಅದರಿಂದ ಗೊತ್ತಾಗುತ್ತದೆ ಅಲ್ವಾ?

ಹೀಗಿರುವಾಗ ಬೀಜ ಯಾವಾಗ ಬರುತ್ತದೆ? ಮೃಗಶಿರಾ ಕೂಡುವುದು ಜೂನ್ ಮೊದಲ ವಾರ ದಾಟಿದ ಮೇಲೆ. ಒಂದು ಹದ ಮಳೆ ಆದರೆ ಕೂರಿಗೆ ಹೂಡಲು ನಾಲ್ಕೈದು ದಿನ ಸಿಗುತ್ತದೆ, ಅಷ್ಟೇ. ಆ ದಿನಗಳನ್ನು ನಮ್ಮ ಜನ ಸಾಲಿನಲ್ಲಿ ನಿಂತು ಕಳೆಯುತ್ತಾರೆ. ನನ್ನ ಸರದಿ ಬಂದಾಗ ಬೇಕಾದ ತಳಿ ಖಾಲಿ, ಇದ್ದದ್ದನ್ನು ತಗೊಂಡು ಹೋಗಿ ಅನ್ನುವ ಮಾತು ಕೇಳಿಸಿಕೊಂಡು ಬಂದದ್ದೂ ಇದೆ. ಯಾವ ಕೇಂದ್ರ ಅಂತ ಹೇಳುವುದಿಲ್ಲ, ಅಲ್ಲಿ ಕೂತ ಹುಡುಗನ ತಪ್ಪೇನೂ ಇರಲಿಲ್ಲ, ಅವನಿಗೆ ಬಂದದ್ದೇ ಅಷ್ಟು. ಬೀಜ ಮೇ ತಿಂಗಳಲ್ಲಿ ಹೋಬಳಿಗೆ ಬರಬೇಕು. ಇದರಲ್ಲಿ ವಿಜ್ಞಾನವೇನೂ ಇಲ್ಲ, ಲಾರಿ ಮತ್ತು ಟೆಂಡರಿನ ವಿಷಯ.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ತೊಗರಿ ಮೊದಲ ಎರಡು ತಿಂಗಳು ತುಂಬಾ ನಿಧಾನ ಬೆಳೆಯುತ್ತದೆ, ಆ ಹೊತ್ತಿನಲ್ಲಿ ಕಳೆ ಗೆದ್ದರೆ ಆಮೇಲೆ ಏನು ಮಾಡಿದರೂ ಅಷ್ಟಕ್ಕಷ್ಟೇ. ಸಾಲಿನ ನಡುವೆ ಎಡೆ ಹೊಡೆಯುವುದು ಕಳೆಗೆ ಮಾತ್ರ ಅಲ್ಲ, ಬಿರುಕು ಮುಚ್ಚಿ ತೇವ ಉಳಿಸುವುದಕ್ಕೂ. ಎತ್ತು ಇಲ್ಲದ ಮನೆಗಳಲ್ಲಿ ಅದೇ ನಿಂತುಹೋಗಿದೆ, ಎತ್ತು ಹೋದ ಮೇಲೆ ತಿಪ್ಪೆಗೊಬ್ಬರವೂ ಹೋಯಿತು, ಸಾವಯವ ಇಂಗಾಲ ಕಡಿಮೆ ಅಂತ ಕಾರ್ಡಿನಲ್ಲಿ ಕೆಂಪು ಅಕ್ಷರದಲ್ಲಿ ಬರೆದರೆ ಅದು ತಾನಾಗೇ ಏರುವುದಿಲ್ಲ. ಕುಡಿ ಚಿವುಟಿದರೆ ಕವಲು ಜಾಸ್ತಿ ಬರುತ್ತದೆ, ನಿಜ. ಹೂವಿನ ಹೊತ್ತಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನುವ ಪೋಷಕಾಂಶದ ಮಿಶ್ರಣ ಹೊಡೆದರೆ ಹೂ ಉದುರುವುದು ಕಡಿಮೆಯಾಗುತ್ತದೆ, ಅದನ್ನೂ ಒಪ್ಪುತ್ತೇನೆ. ಕಾಯಿಕೊರಕಕ್ಕೆ ನಮ್ಮ ಹಿರಿಯರು ಗಿಡ ಅಲುಗಾಡಿಸಿ ಹುಳ ಉದುರಿಸಿ ಆರಿಸುತ್ತಿದ್ದರು, ಅದನ್ನು ವಿಜ್ಞಾನಿಗಳೂ ಮೆಚ್ಚಿದ್ದಾರೆ. ಈಗ ಅಷ್ಟು ಕೈಗಳು ಊರಲ್ಲಿಲ್ಲ. ಮೋಡ ಮುಚ್ಚಿದ ಒಂದು ವಾರ, ಬೆಳಗಿನ ಮಂಜು, ಹುಳದ ಮೊಟ್ಟೆ, ಇದೆಲ್ಲಾ ಒಟ್ಟಿಗೇ ಬರುತ್ತವೆ. ಆ ವಾರ ನಮಗೆ ಎರಡು ದಿನ ಮುಂಚೆ ಗೊತ್ತಾದರೆ ಸಾಕು.

ಇನ್ನು ಬೆಳೆ ಬದಲಾವಣೆ. ನೆಟೆಯ ಶಿಲೀಂಧ್ರ ಹಳೇ ಬೇರು, ಕೊಳೆತ ಕಡ್ಡಿಗಳ ಮೇಲೆ ಮೂರು ವರ್ಷದ ತನಕ ಬದುಕುತ್ತದೆ. ಅದೇ ಹೊಲಕ್ಕೆ ಪ್ರತಿ ವರ್ಷ ತೊಗರಿ ಹಾಕಿದರೆ ನಾವೇ ಅದಕ್ಕೆ ಊಟ ಬಡಿಸಿದ ಹಾಗೆ. ತೊಗರಿ ಸಾಲಿನ ನಡುವೆ ಜೋಳ ಹಾಕಿದರೆ ನೆಟೆ ಕಡಿಮೆ ಬರುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ, ನಮ್ಮ ಅಜ್ಜಂದಿರು ಅಕ್ಕಡಿ ಅಂತ ಹಾಗೆಯೇ ಬಿತ್ತುತ್ತಿದ್ದರು. ಹಾಗಾದರೆ ಈಗ ಯಾಕೆ ಬಿತ್ತುತ್ತಿಲ್ಲ? 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಹೈಬ್ರಿಡ್ ಜೋಳದ್ದು 3,699. ಜೋಳಕ್ಕೆ ಹಕ್ಕಿ ಕಾಯಬೇಕು, ತೆನೆ ಕೊಯ್ಯಬೇಕು, ಕೊಂಡವರು ದುಡ್ಡು ಕೊಡುವುದು ಯಾವಾಗಲೋ. ಲೆಕ್ಕ ಗೊತ್ತಿದ್ದೇ ರೈತ ತೊಗರಿಗೆ ಅಂಟಿಕೊಂಡಿದ್ದಾನೆ, ಬುದ್ಧಿ ಇಲ್ಲದೆ ಅಲ್ಲ. ನೆಟೆ ಬಿದ್ದ ಹೊಲ ಅಂತ ನೀವೇ ಗುರುತಿಸಿದ ಸರ್ವೆ ನಂಬರಿಗೆ ಎರಡು ವರ್ಷ ಜೋಳವೋ ಬೇರೆ ಬೆಳೆಯೋ ಬೆಳೆದರೆ ಎಕರೆಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡಿ. ಒಣಗಿದ ಮೇಲೆ ಕೊಡುವ ಪರಿಹಾರಕ್ಕಿಂತ ಇದು ದುಬಾರಿ ಆಗಲಿಕ್ಕಿಲ್ಲ.

ಇದಕ್ಕೆಲ್ಲಾ ಹೊಸ ಇಲಾಖೆ ಬೇಡ, ಹೊಸ ಆ್ಯಪೂ ಬೇಡ, ದಯವಿಟ್ಟು ಅದೊಂದು ಬೇಡವೇ ಬೇಡ. ಇರುವುದನ್ನೇ ಒಂದಕ್ಕೊಂದು ಕೂಡಿಸಿ. ಬೆಳೆ ಸಮೀಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆಯ ಫೋಟೊ ತೆಗೆಯುತ್ತೀರಿ. ಅದರಲ್ಲೇ ಬಿತ್ತಿದ ದಿನ, ತಳಿ, ಮಣ್ಣಿನ ಆಳ, ನೀರು ನಿಲ್ಲುತ್ತದೋ ಇಲ್ಲವೋ ಅನ್ನುವ ನಾಲ್ಕು ಪ್ರಶ್ನೆ ಸೇರಿಸಿ. ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ, ಯಾವ ದಿನ ಎಷ್ಟು ಮಿಲಿಮೀಟರ್ ಬಿತ್ತು ಅಂತ ನಿಮಗೆ ಗೊತ್ತಾಗುತ್ತದೆ. ಬೆಳೆ ವಿಮೆಗಾಗಿ ಕಟಾವು ಪ್ರಯೋಗ ಮಾಡಲು ನಿಮ್ಮ ಜನ ಹೊಲಕ್ಕೆ ಬರುತ್ತಾರೆ, ಚೌಕ ಹಾಕಿ, ಕೊಯ್ದು, ತೂಕ ಮಾಡಿ, ಒಂದು ಅಂಕಿ ಬರೆದುಕೊಂಡು ಹೋಗುತ್ತಾರೆ. ಇಡೀ ಹಂಗಾಮಿನಲ್ಲಿ ಸರ್ಕಾರದ ಮನುಷ್ಯ ತಕ್ಕಡಿ ಹಿಡಿದು ನಮ್ಮ ಹೊಲದಲ್ಲಿ ನಿಲ್ಲುವುದು ಅದೊಂದೇ ದಿನ. ಆ ದಿನ ಒಣಗಿದ ಗಿಡ ಎಷ್ಟು ಅಂತ ಎಣಿಸಿ, ಒಂದೆರಡು ಕಿತ್ತು ಕಾಂಡ ಸೀಳಿ, ಕಪ್ಪು ಗೆರೆ ಇದೆಯೋ ಇಲ್ಲವೋ ಬರೆಯಲಿ. ಹತ್ತು ನಿಮಿಷದ ಕೆಲಸ. ಆಗ ಪಂಚಾಯಿತಿಯ ಸರಾಸರಿ ಇಳುವರಿ ಬಿದ್ದಿದೆ ಅನ್ನುವುದರ ಜೊತೆ ಯಾವುದರಿಂದ ಬಿತ್ತು ಅನ್ನುವುದೂ ನಿಮ್ಮ ಕೈಯಲ್ಲಿರುತ್ತದೆ.

ಕಲಬುರಗಿಯಲ್ಲೇ ದ್ವಿದಳ ಧಾನ್ಯ ಅಭಿವೃದ್ಧಿ ಮಂಡಳಿ ಇದೆ, ಆಳಂದ ರಸ್ತೆಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ. ಇವರನ್ನೂ ಇಲಾಖೆಯವರನ್ನೂ ಒಂದು ಮೇಜಿಗೆ ಕೂರಿಸಿ, ಈ ನಾಲ್ಕು ಪ್ರಶ್ನೆಯ ಕಾಲಂ ಮುಂದಿನ ಮುಂಗಾರಿನ ಬೆಳೆ ಸಮೀಕ್ಷೆಗೇ ಸೇರುವ ಹಾಗೆ ಆದೇಶ ಮಾಡಿ. ಬೀಜದ ದಾಸ್ತಾನು ಮೇ 20ರ ಒಳಗೆ ಹೋಬಳಿಗೆ ಬರಲಿ, ಯಾವ ತಳಿ ಎಷ್ಟು ಬಂದಿದೆ ಅಂತ ಬಾಗಿಲ ಮೇಲೆ ಬರೆದು ಹಾಕಲಿ. ನಾಲೆ ವಿಷಯಕ್ಕೆ ಗ್ರಾಮಸಭೆ ಕರೆಯಿರಿ, ಜಗಳ ಆಗುತ್ತದೆ, ಆಗಲಿ, ನಾವು ಬರುತ್ತೇವೆ. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಬರವಣಿಗೆಯಲ್ಲಿ ಉತ್ತರ ಕೊಡಿ. "ಪರಿಶೀಲಿಸಲಾಗುವುದು" ಅನ್ನುವ ಒಂದು ಸಾಲಿನ ಉತ್ತರ ಆದರೆ ಕಾಗದ ಉಳಿಸಿ, ಕಳಿಸಬೇಡಿ.

ಇಂತಿ,
ಕಲಬುರಗಿ ಜಿಲ್ಲೆಯ ಒಬ್ಬ ತೊಗರಿ ಬೆಳೆಗಾರ